ಕಿಲ್ಡಾಲ್ ಸೋತದ್ದು ವಿಮಾನದಿಂದಲ್ಲ

ಮಾನ್ಯ ಸಂಪಾದಕರೇ,

ಪರ್ಸನಲ್ ಕಂಪ್ಯೂಟರಿನ ಆರಂಭದ ದಿನಗಳ ಬಗ್ಗೆ ಬರೆಯುವವರು, ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ (ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್) ಬರೆದ ಗ್ಯಾರಿ ಕಿಲ್ಡಾಲ್ ಅವರಿಗೆ ಸಾಮಾನ್ಯವಾಗಿ ಒಂದು ಪ್ಯಾರಾ ಎತ್ತಿಡುತ್ತಾರೆ. ಅದರಲ್ಲಿರುವುದೂ ಒಂದೇ ಕಥೆ: 1980ರಲ್ಲಿ ಐಬಿಎಂನವರು ಆಪರೇಟಿಂಗ್ ಸಿಸ್ಟಂ ಕೇಳಿಕೊಂಡು ಬಾಗಿಲಿಗೆ ಬಂದರು, ಈ ಮನುಷ್ಯ ವಿಮಾನ ಹಾರಿಸಲು ಹೋಗಿದ್ದರು, ಅದೃಷ್ಟ ಬಿಲ್ ಗೇಟ್ಸ್ ಪಾಲಾಯಿತು. ನಿಮ್ಮ ಪುರವಣಿಯ ಲೇಖನವೂ ಇದನ್ನೇ ಹೇಳಿ ಮುಂದೆ ಸಾಗಿತು. ಕಥೆ ಚೆನ್ನಾಗಿದೆ, ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ.

ಮೊದಲು ಆ ಹಾರಾಟದ ವಿಷಯ. ಕಿಲ್ಡಾಲ್ ಅಂದು ಮೋಜಿಗೆ ಹಾರಿರಲಿಲ್ಲ. ಬಿಲ್ ಗಾಡ್‌ಬೌಟ್ ಎಂಬ ಗ್ರಾಹಕರಿಗೆ ದಾಖಲೆಪತ್ರ ತಲುಪಿಸಲು ತಮ್ಮದೇ ವಿಮಾನದಲ್ಲಿ ಹೋಗಿದ್ದರು. ಅವರ ಕಂಪನಿ ಡಿಜಿಟಲ್ ರಿಸರ್ಚ್‌ನಲ್ಲಿ ಕಂಪ್ಯೂಟರ್ ತಯಾರಕರ ಜೊತೆಗಿನ ಒಪ್ಪಂದಗಳನ್ನು ನೋಡಿಕೊಳ್ಳುತ್ತಿದ್ದವರು ಪತ್ನಿ ಡೊರೊಥಿ ಮೆಕ್ಯೂವನ್. ಹಾಗಾಗಿ ಐಬಿಎಂ ತಂಡವನ್ನು ಅವರೇ ಎದುರುಗೊಂಡದ್ದರಲ್ಲಿ ವಿಶೇಷವೇನಿಲ್ಲ. ಐಬಿಎಂ ಮುಂದಿಟ್ಟ ಗೌಪ್ಯತಾ ಒಪ್ಪಂದ ಒಮ್ಮುಖವಾಗಿತ್ತು. ವಕೀಲರನ್ನು ಕೇಳಿದ ಮೇಲೆ ಡೊರೊಥಿ ಸಹಿ ಹಾಕಲಿಲ್ಲ. ಮಧ್ಯಾಹ್ನ ಕಿಲ್ಡಾಲ್ ಮರಳಿ ಬಂದು ಮಾತುಕತೆಗೆ ಕೂತರೋ ಇಲ್ಲವೋ ಎಂಬುದರಲ್ಲಿ ಎರಡು ಕಡೆಯವರ ಹೇಳಿಕೆ ಬೇರೆಬೇರೆ. ಆದರೆ ಕೂತರೂ ಕೂರದಿದ್ದರೂ ಮುಂದಿನದು ದಾಖಲಾಗಿದೆ: ಕಿಲ್ಡಾಲ್ ಅವರ ಸಿಪಿ/ಎಂನ ಹೊಸ ಆವೃತ್ತಿ ಸಿಪಿ/ಎಂ-86 ಅನ್ನು ಐಬಿಎಂ ತನ್ನ ಪಿಸಿಗೆಂದು ಮಾರಿತು. ಒಂದೇ ದಿನದಲ್ಲಿ ಅವಕಾಶ ಕೈತಪ್ಪಿತು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಈಗ ಆ ಒಂದು ಪ್ಯಾರಾದಲ್ಲಿ ಹಿಡಿಸದೆ ಹೋದ ವೃತ್ತಿಜೀವನ. ಕಿಲ್ಡಾಲ್ ಹುಟ್ಟಿದ್ದು 1942ರಲ್ಲಿ, ಸಿಯಾಟಲ್‌ನಲ್ಲಿ. ಮನೆತನದವರು ಹಡಗಿನವರಿಗೆ ದಿಕ್ಕು ಲೆಕ್ಕ ಹಾಕುವುದನ್ನು ಕಲಿಸುವ ಶಾಲೆ ನಡೆಸುತ್ತಿದ್ದರು. ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ 1972ರಲ್ಲಿ ಡಾಕ್ಟರೇಟ್ ಬಂತು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1973ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಕಂಪೈಲರ್ (ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಕೋಡಿಗೆ ತಿರುಗಿಸುವ ಸಾಫ್ಟ್‌ವೇರ್) ಬರೆಯುವವರಿಗೆ ಇವತ್ತಿಗೂ ಪಾಠ. ಪ್ರೋಗ್ರಾಮಿನ ಪ್ರತಿಯೊಂದು ಹಂತದಲ್ಲೂ ಯಾವ ಸಂಗತಿ ಖಚಿತವಾಗಿ ನಿಜ, ಉದಾಹರಣೆಗೆ ಇಲ್ಲಿಗೆ ಬರುವಾಗ ಈ ಚರಾಂಕದ ಬೆಲೆ 5 ಎಂದು, ಬರೆದಿಟ್ಟುಕೊಳ್ಳುತ್ತಾ ಹೋಗಬೇಕು. ಎರಡು ದಾರಿ ಕೂಡುವಲ್ಲಿ ಎರಡೂ ಕಡೆ ನಿಜವಾಗಿರುವುದನ್ನು ಮಾತ್ರ ಉಳಿಸಿಕೊಳ್ಳಬೇಕು. ಲೂಪ್, ಅಂದರೆ ಮತ್ತೆಮತ್ತೆ ನಡೆಯುವ ಭಾಗ, ಇದ್ದರೆ ಮತ್ತೆ ಸುತ್ತಬೇಕು, ಪಟ್ಟಿಗಳಲ್ಲಿ ಬದಲಾವಣೆ ನಿಲ್ಲುವ ತನಕ. ಪುಸ್ತಕಗಳಲ್ಲಿ ಇದಕ್ಕೆ ಕಿಲ್ಡಾಲ್ ವಿಧಾನ ಎಂದೇ ಹೆಸರು. ವ್ಯಾಪಾರಿಯಾಗುವ ಮೊದಲು ಅವರು ಯಾರಾಗಿದ್ದರು ಎಂಬುದಕ್ಕೆ ಇಷ್ಟು ಸಾಕು.

ಇಂಟೆಲ್ ಕಂಪನಿಯ 4004 ಚಿಪ್ 1971ರಲ್ಲಿ ಬಂದಾಗ ಅದನ್ನು ಕೊಂಡು ಪ್ರಯೋಗಕ್ಕಿಳಿದವರಲ್ಲಿ ಕಿಲ್ಡಾಲ್ ಒಬ್ಬರು. ಆಮೇಲೆ ಇಂಟೆಲ್‌ಗೆ ಸಲಹೆಗಾರರಾಗಿ ಪಿಎಲ್/ಎಂ ಎಂಬ ಭಾಷೆ ಕೊಟ್ಟರು. ಮೈಕ್ರೊಪ್ರೊಸೆಸರಿಗೆಂದೇ ಹುಟ್ಟಿದ ಮೊದಲ ಮೇಲುಮಟ್ಟದ ಭಾಷೆ ಅದು. ಅದರ ಕಂಪೈಲರ್ ಇದ್ದದ್ದು ಫೋರ್ಟ್ರಾನ್‌ನಲ್ಲಿ, ಓಡಬೇಕಿದ್ದದ್ದು ದೊಡ್ಡ ಕಂಪ್ಯೂಟರ್ ಮೇಲೆ. ಅಲ್ಲಿ ತಯಾರಾದ ಕೋಡನ್ನು ಚಿಕ್ಕ ಯಂತ್ರಕ್ಕೆ ಒಯ್ಯಲು ಕಾಗದದ ಪಟ್ಟಿ ಬೇಕು. ಟೆಲಿಟೈಪ್ ಯಂತ್ರ ಆ ಪಟ್ಟಿಯಿಂದ ಸೆಕೆಂಡಿಗೆ 10 ಅಕ್ಷರ ಓದುತ್ತಿತ್ತು. 8 ಕಿಲೋಬೈಟಿನ ಪ್ರೋಗ್ರಾಂ ಒಳಗೆ ಹೋಗಲು ಹದಿಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ನಡುವೆ ಪಟ್ಟಿ ಹರಿದರೆ ಮತ್ತೆ ಮೊದಲಿನಿಂದ. ಶುಗಾರ್ಟ್ ಕಂಪನಿಯ ಫ್ಲಾಪಿ ಡ್ರೈವ್ ಕಿಲ್ಡಾಲ್‌ಗೆ ಬೇಕಾದದ್ದು ಈ ಕಾಟದಿಂದ ಪಾರಾಗಲು. ಡ್ರೈವ್ ಸಿಕ್ಕಿತು, ಆದರೆ ಅದನ್ನು ಚಿಪ್ಪಿಗೆ ಜೋಡಿಸುವ ಕಂಟ್ರೋಲರ್ ಇರಲಿಲ್ಲ. ಗೆಳೆಯ ಜಾನ್ ಟೊರೋಡ್ ಕಂಟ್ರೋಲರ್ ಕಟ್ಟಿದರು, ಕಿಲ್ಡಾಲ್ ಅದರ ಮೇಲೆ ಸಿಪಿ/ಎಂ ಬರೆದರು. 1974ರಲ್ಲಿ ಪೆಸಿಫಿಕ್ ಗ್ರೋವ್ ಊರಿನಲ್ಲಿ ಅದು ಮೊದಲ ಸಲ ಓಡಿತು. ಇಂಟೆಲ್ ಪಿಎಲ್/ಎಂ ಇಟ್ಟುಕೊಂಡಿತು, ಸಿಪಿ/ಎಂ ಬೇಡವೆಂದಿತು. ಡಿಜಿಟಲ್ ರಿಸರ್ಚ್ ಹುಟ್ಟಿದ್ದು ಆ ಬೇಡದಿಂದ.

ಅದರೊಳಗಿನ ಕೆಲಸಗಾರಿಕೆ ನೋಡಬೇಕಾದದ್ದು. ಆಗಿನ 8 ಇಂಚಿನ ಫ್ಲಾಪಿಗೆ ಒಂದೇ ಬದಿ, 77 ಟ್ರ್ಯಾಕ್ (ಡಿಸ್ಕಿನ ಮೇಲಿನ ವೃತ್ತಗಳು), ಟ್ರ್ಯಾಕಿಗೆ 26 ಸೆಕ್ಟರ್ (ವೃತ್ತದ ತುಂಡುಗಳು), ಸೆಕ್ಟರಿಗೆ 128 ಬೈಟ್. ಮೊದಲ 2 ಟ್ರ್ಯಾಕ್ ಸಿಸ್ಟಂಗೆ ಮೀಸಲು. ಉಳಿದ ಜಾಗದಲ್ಲಿ 1 ಕಿಲೋಬೈಟಿನ 243 ಬ್ಲಾಕ್. ಅದರಲ್ಲಿ 2 ಡೈರೆಕ್ಟರಿಗೆ (ಕಡತಗಳ ಪಟ್ಟಿಗೆ), 241 ಬಳಕೆದಾರನಿಗೆ. ಡಿಸ್ಕ್ ನಿಮಿಷಕ್ಕೆ 360 ಸುತ್ತು ತಿರುಗುತ್ತದೆ. ಒಂದು ಸೆಕ್ಟರ್ ಓದಿ ಅದನ್ನು ಎಲ್ಲಿಡಬೇಕೆಂದು ಪ್ರೊಸೆಸರ್ ನಿರ್ಧರಿಸುವಷ್ಟರಲ್ಲಿ ಪಕ್ಕದ ಸೆಕ್ಟರ್ ಓದುವ ಹೆಡ್ಡನ್ನು ದಾಟಿಹೋಗಿರುತ್ತದೆ. ಅದಕ್ಕಾಗಿ ಇಡೀ ಸುತ್ತು ಕಾಯಬೇಕು. ಹೀಗೆ ಓದಿದರೆ ಒಂದು ಟ್ರ್ಯಾಕಿಗೆ 26 ಸುತ್ತು, ಅಂದರೆ 4 ಸೆಕೆಂಡಿಗೂ ಹೆಚ್ಚು. ಸಿಪಿ/ಎಂ ಸೆಕ್ಟರುಗಳನ್ನು ಆರಾರು ಬಿಟ್ಟು ಬಳಸಿತು: 1, 7, 13, 19, 25, ಆಮೇಲೆ 5, 11, 17, 23, ಹೀಗೆ. ಅದೇ ಟ್ರ್ಯಾಕ್ ಈಗ 6 ಸುತ್ತಿನಲ್ಲಿ, ಸುಮಾರು 1 ಸೆಕೆಂಡಿನಲ್ಲಿ ಮುಗಿಯಿತು. ಯಂತ್ರಕ್ಕೆ ಹೊಸ ಭಾಗ ಒಂದೂ ಬೇಕಾಗಲಿಲ್ಲ, ಒಂದು ಪಟ್ಟಿಯಿಂದ ನಾಲ್ಕು ಪಟ್ಟು ವೇಗ.

ಆದರೂ ಕಿಲ್ಡಾಲ್ ಅವರ ದೊಡ್ಡ ಕೆಲಸ ಇದಲ್ಲ. 1976ರ ಸುಮಾರಿಗೆ ಇಮ್ಸಾಯ್ ಎಂಬ ಕಂಪ್ಯೂಟರ್ ಕಂಪನಿ ತನ್ನ ಫ್ಲಾಪಿ ಡ್ರೈವಿಗೆ ಸಿಪಿ/ಎಂ ಕೇಳಿತು. ಅಲ್ಲಿಯವರೆಗೆ ಒಂದೊಂದು ಡ್ರೈವಿಗೂ ಸಿಸ್ಟಂ ಒಳಗೇ ಕೈಹಾಕಿ ತಿದ್ದಬೇಕಾಗಿತ್ತು. ಇಮ್ಸಾಯ್‌ನ ಗ್ಲೆನ್ ಯೂಯಿಂಗ್ ಜೊತೆ ಕೂತು ಕಿಲ್ಡಾಲ್ ಯಂತ್ರಕ್ಕೆ ತಕ್ಕಂತೆ ಬದಲಾಗುವ ಭಾಗವನ್ನು ಕತ್ತರಿಸಿ ಬೇರೆ ಇಟ್ಟರು. ಅದಕ್ಕೆ ಕೊಟ್ಟ ಹೆಸರು ಬಯೋಸ್. ಇವತ್ತಿಗೂ ಕಂಪ್ಯೂಟರ್ ರಿಪೇರಿಯವರ ಬಾಯಲ್ಲಿರುವ ಅದೇ ಬಯೋಸ್. ಕಡತ ನೋಡಿಕೊಳ್ಳುವ ಬಿಡಾಸ್ ಮೂರೂವರೆ ಕಿಲೋಬೈಟ್, ಆಜ್ಞೆ ಓದುವ ಸಿಸಿಪಿ 2 ಕಿಲೋಬೈಟ್. ಇವೆರಡೂ ಎಲ್ಲ ಯಂತ್ರಗಳಲ್ಲೂ ಒಂದೇ. ಬಯೋಸ್ ಮಾತ್ರ ಯಂತ್ರ ತಯಾರಕ ಬರೆಯಬೇಕಾದದ್ದು. 1979ರ 2.2 ಆವೃತ್ತಿಯಲ್ಲಿ ಅದಕ್ಕೆ ಬೇಕಾದದ್ದು ಬರೇ 17 ಉಪಕ್ರಮ, ಅಂದರೆ ಒಂದೊಂದು ಕೆಲಸ ಮಾಡುವ ಚಿಕ್ಕ ಪ್ರೋಗ್ರಾಂ ತುಣುಕು: ಆರಂಭಿಸುವುದು, ಕೀಲಿಮಣೆಯಿಂದ ಅಕ್ಷರ ತರುವುದು, ಪರದೆಗೆ ಅಕ್ಷರ ಕಳಿಸುವುದು, ಡಿಸ್ಕ್ ಆರಿಸುವುದು, ಟ್ರ್ಯಾಕ್ ಹೇಳುವುದು, ಸೆಕ್ಟರ್ ಹೇಳುವುದು, ಓದುವುದು, ಬರೆಯುವುದು, ಇಂಥವು.

ಹೊಸ ಯಂತ್ರಕ್ಕೆ ಸಿಪಿ/ಎಂ ಕೂರಿಸುವ ಕ್ರಮ ಹೀಗಿತ್ತು. ಓಡುತ್ತಿರುವ ಯಂತ್ರದಲ್ಲಿ ಮೂವ್‌ಸಿಪಿಎಂ ಆಜ್ಞೆ ಕೊಟ್ಟು, ಹೊಸದರ ಮೆಮೊರಿ ಎಷ್ಟೋ ಅದಕ್ಕೆ, ಉದಾಹರಣೆಗೆ 48 ಕಿಲೋಬೈಟಿಗೆ, ಸಿಸ್ಟಂ ಪ್ರತಿ ತಯಾರಿಸುವುದು. ಅದನ್ನು 34 ಪುಟಗಳ (ಪುಟಕ್ಕೆ 256 ಬೈಟ್) ಕಡತವಾಗಿ ಉಳಿಸುವುದು. ಡಿಡಿಟಿ ಎಂಬ ಉಪಕರಣದಿಂದ ಕಡತ ತೆರೆದು, ಹಳೆಯ ಬಯೋಸ್ ಇದ್ದ ಜಾಗದ ಮೇಲೆ ಹೊಸದನ್ನು ಹೇರುವುದು. ಕೊನೆಗೆ ಸಿಸ್‌ಜೆನ್ ಆಜ್ಞೆಯಿಂದ ಮೊದಲ ಎರಡು ಟ್ರ್ಯಾಕಿಗೆ ಬರೆಯುವುದು. ಹೆಚ್ಚಿನವರು ಎಡವುತ್ತಿದ್ದದ್ದು ಡಿಡಿಟಿ ಹಂತದಲ್ಲಿ. ಬಯೋಸ್ ಮೆಮೊರಿಯಲ್ಲಿ ಕೂರಬೇಕಾದ ವಿಳಾಸ ಬೇರೆ, ಕಡತದೊಳಗೆ ಅದರ ಜಾಗ ಬೇರೆ. ಇವೆರಡರ ಅಂತರ ತಪ್ಪಿದರೆ ಬಿಡಾಸ್ ಜಿಗಿಯುವುದು ಅರ್ಥವಿಲ್ಲದ ಬೈಟ್‌ಗಳ ಮೇಲೆ, ಪರದೆಯಲ್ಲಿ ಒಂದಕ್ಷರವೂ ಮೂಡುವುದಿಲ್ಲ. ಇನ್ನೊಂದು ತೊಡಕು ಜಾಗದ್ದು. ಎರಡು ಟ್ರ್ಯಾಕಿನ 52 ಸೆಕ್ಟರಿನಲ್ಲಿ ಆರಂಭದ ತುಣುಕಿಗೆ 1, ಸಿಸಿಪಿ ಮತ್ತು ಬಿಡಾಸ್‌ಗೆ 44 ಹೋದರೆ ಬಯೋಸ್‌ಗೆ ಉಳಿಯುವುದು 7, ಅಂದರೆ 896 ಬೈಟ್. ಅದಕ್ಕಿಂತ ದೊಡ್ಡದು ಬರೆದವರು ಉಳಿದ ಭಾಗವನ್ನು ಬೇರೆಡೆಯಿಂದ ತುಂಬುವ ಉಪಾಯ ತಾವೇ ಹುಡುಕಬೇಕಿತ್ತು.

ಇಷ್ಟು ಮಾಡಿದರೆ ಸಿಪಿ/ಎಂಗೆ ಬರೆದ ಸಾಫ್ಟ್‌ವೇರ್ ಹೊಸ ಯಂತ್ರದಲ್ಲೂ ನಡೆಯುತ್ತಿತ್ತು. ಪರದೆ ಮತ್ತು ಪ್ರಿಂಟರಿಗೆ ಒಂದಿಷ್ಟು ಹೊಂದಾಣಿಕೆ ಬೇಕಾದರೂ ಮೂಲ ಪ್ರೋಗ್ರಾಂ ಅದೇ. ಸಾಫ್ಟ್‌ವೇರನ್ನು ಯಂತ್ರದಿಂದ ಬಿಡಿಸಿ ಮಾರಬಹುದಾದ ಸರಕಾಗಿ ಮಾಡಿದ್ದು ಈ ಕತ್ತರಿ. ಇಮ್ಸಾಯ್‌ನಲ್ಲಿ 25,000 ಡಾಲರಿಗೆ ಸಿಪಿ/ಎಂ ಲೈಸೆನ್ಸ್ ಚೌಕಾಸಿ ಮಾಡಿ ಪಡೆದ ಸೀಮೋರ್ ರೂಬಿನ್‌ಸ್ಟೈನ್ ಆಮೇಲೆ ಹೊರಬಂದು ಪತ್ರ-ಲೇಖನ ಬರೆಯುವ ಸಾಫ್ಟ್‌ವೇರ್ ವರ್ಡ್‌ಸ್ಟಾರ್ ತಂದರು. ಕಿಲ್ಡಾಲ್ ಅವರ ವಿದ್ಯಾರ್ಥಿ ಗಾರ್ಡನ್ ಯೂಬ್ಯಾಂಕ್ಸ್ ಬರೆದ ಬೇಸಿಕ್ ಭಾಷೆ ಇದರ ಮೇಲೆ ಓಡಿತು. ಮಾಹಿತಿ ಜೋಡಿಸಿಡುವ ಡಿಬೇಸ್ ಬಂದದ್ದು ಇದರ ಮೇಲೆ. 1981ರ ಆಸ್ಬೋರ್ನ್ 1 ಎಂಬ ಹೊತ್ತೊಯ್ಯುವ ಕಂಪ್ಯೂಟರ್ ಇದರೊಂದಿಗೇ ಮಾರಾಟವಾಯಿತು. ಮೈಕ್ರೋಸಾಫ್ಟ್ ಕೂಡ 1980ರಲ್ಲಿ ಆಪಲ್ 2 ಯಂತ್ರಕ್ಕೆ ಕೂರಿಸುವ ಝಡ್80 ಚಿಪ್ಪಿನ ಕಾರ್ಡಿಗಾಗಿ ಕಿಲ್ಡಾಲ್ ಅವರಿಂದ ಸಿಪಿ/ಎಂ ಲೈಸೆನ್ಸ್ ಕೊಂಡಿತ್ತು. ಗೇಟ್ಸ್ ಐಬಿಎಂನವರನ್ನು ಕಿಲ್ಡಾಲ್ ಕಡೆ ಕಳಿಸಿದ್ದರಲ್ಲಿ ಅಚ್ಚರಿಯಿಲ್ಲ. ಅಂದು ಆಪರೇಟಿಂಗ್ ಸಿಸ್ಟಂ ಎಂದರೆ ಹೋಗಬೇಕಾದ ವಿಳಾಸವೇ ಅದು.

ಕುಂದುಗಳಿರಲಿಲ್ಲವೇ? ಬೇಕಾದಷ್ಟು. ಕಡತ ನಕಲಿಸುವ ಪಿಪ್ ಆಜ್ಞೆಯಲ್ಲಿ ಎಲ್ಲಿಗೆ ಎಂಬುದು ಮೊದಲು, ಎಲ್ಲಿಂದ ಎಂಬುದು ಆಮೇಲೆ. ಹೊಸಬರು ತಿರುವುಮುರುವು ಮಾಡಿ ಒಳ್ಳೆಯ ಕಡತದ ಮೇಲೆ ಹಳೆಯದನ್ನು ಹೇರಿಬಿಡುತ್ತಿದ್ದರು. ಕಡತದ ಉದ್ದವನ್ನು ಬೈಟಿನಲ್ಲಿ ಎಣಿಸದೆ 128 ಬೈಟಿನ ಕಂತುಗಳಲ್ಲಿ ಎಣಿಸುತ್ತಿದ್ದುದರಿಂದ ಪಠ್ಯ ಎಲ್ಲಿ ಮುಗಿಯಿತು ಎಂದು ತೋರಿಸಲು ಕಂಟ್ರೋಲ್-ಝಡ್ ಗುರುತು ಹಾಕಬೇಕಿತ್ತು. ಒಂದು ಡೈರೆಕ್ಟರಿ ನಮೂದಿನಲ್ಲಿ 16 ಬ್ಲಾಕ್ ಸಂಖ್ಯೆ ಮಾತ್ರ ಹಿಡಿಯುವುದರಿಂದ 100 ಕಿಲೋಬೈಟಿನ ಕಡತಕ್ಕೆ 7 ನಮೂದು ಬೇಕು. ಒಟ್ಟು ಇರುವುದು 64. ಡಿಸ್ಕಿನಲ್ಲಿ ಜಾಗವಿದ್ದರೂ ಡೈರೆಕ್ಟರಿ ತುಂಬಿ ಬರೆಯಲಾಗದ ಸ್ಥಿತಿ ಬರುವುದು ಹೀಗೆ.

ಎಲ್ಲರೂ ಬೈದದ್ದು ಫ್ಲಾಪಿ ಬದಲಿಸುವಾಗಿನ ಫಜೀತಿಗೆ. ಯಾವ ಬ್ಲಾಕ್ ಖಾಲಿ ಎಂಬ ಪಟ್ಟಿಯನ್ನು ಸಿಪಿ/ಎಂ ಡಿಸ್ಕಿನಲ್ಲಿ ಇಡುವುದಿಲ್ಲ. ಡಿಸ್ಕನ್ನು ಮೊದಲು ಮುಟ್ಟಿದಾಗ ಡೈರೆಕ್ಟರಿ ಓದಿ ಮೆಮೊರಿಯಲ್ಲಿ ಕಟ್ಟಿಕೊಳ್ಳುತ್ತದೆ. ಬಳಕೆದಾರ ಸುಮ್ಮನೆ ಡಿಸ್ಕ್ ಬದಲಿಸಿದರೆ ಮೆಮೊರಿಯಲ್ಲಿರುವುದು ಹಿಂದಿನ ಡಿಸ್ಕಿನ ಪಟ್ಟಿ. ಅದನ್ನು ನಂಬಿ ಬರೆದರೆ ಹೊಸ ಡಿಸ್ಕಿನ ಕಡತಗಳು ಹಾಳು. ಆದ್ದರಿಂದ ಡೈರೆಕ್ಟರಿಯ ಮೊತ್ತ ತಾಳೆ ನೋಡಿ, ಹೊಂದದಿದ್ದರೆ ಆ ಡಿಸ್ಕನ್ನು ಓದಲು ಮಾತ್ರ ಎಂದು ಗುರುತು ಹಾಕಿ, "ಬಿಡಾಸ್ ಎರರ್ ಆನ್ ಬಿ: ಆರ್/ಒ" ಎಂದು ಹೇಳಿ, ನಡೆಯುತ್ತಿದ್ದ ಪ್ರೋಗ್ರಾಮನ್ನೇ ಕೈಬಿಡುತ್ತಿತ್ತು. ಪರಿಹಾರ ಸುಲಭ: ಡಿಸ್ಕ್ ಬದಲಿಸಿದ ತಕ್ಷಣ ಕಂಟ್ರೋಲ್-ಸಿ ಒತ್ತಬೇಕು. ಮರೆತವರು ಅರ್ಧ ಬರೆದ ಪತ್ರವನ್ನು ಕಳೆದುಕೊಂಡರು. ಸಿಪಿ/ಎಂ ಮಾಡಿದ್ದು ಸರಿಯೇ, ಹೇಳಿದ ರೀತಿ ಮಾತ್ರ ಒರಟು.

ಇನ್ನು ಸೋಲಿನ ನಿಜವಾದ ಕಾರಣ. ಇಂಟೆಲ್‌ನ 16 ಬಿಟ್ ಚಿಪ್ 8086 1978ರಲ್ಲೇ ಬಂದಿತ್ತು. 16 ಬಿಟ್‌ನ ಸಿಪಿ/ಎಂ ಬರುತ್ತದೆ ಎಂದು ತಯಾರಕರು ಕಾದರು. ಡಿಜಿಟಲ್ ರಿಸರ್ಚ್ ಆ ಹೊತ್ತಿಗೆ ಅನೇಕ ಬಳಕೆದಾರರು ಒಟ್ಟಿಗೆ ಬಳಸುವ ಸಿಸ್ಟಂ ಎಂಪಿ/ಎಂ ಮತ್ತು ಪಿಎಲ್/ಐ ಭಾಷೆಯ ಕಂಪೈಲರಿನಲ್ಲಿ ಮುಳುಗಿತ್ತು. ಕಂಪೈಲರ್ ಕಿಲ್ಡಾಲ್ ಅವರ ಪ್ರೀತಿಯ ವಿಷಯ. ನಮ್ಮ ಅಭಿಪ್ರಾಯದಲ್ಲಿ ಆ ಪ್ರೀತಿಗೆ ತೆತ್ತ ಬೆಲೆ ಐಬಿಎಂ ಭೇಟಿಗಿಂತ ದೊಡ್ಡದು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿ 1979ರ ಕೊನೆಗೆ 8086 ಬೋರ್ಡ್ ಮಾರತೊಡಗಿತ್ತು, ಆದರೆ ಓಡಿಸಲು ಸಿಪಿ/ಎಂ ಇರಲಿಲ್ಲ. ಕಾದು ಬೇಸತ್ತ ಅಲ್ಲಿನ ಟಿಮ್ ಪ್ಯಾಟರ್ಸನ್ 1980ರ ಏಪ್ರಿಲ್‌ನಲ್ಲಿ ತಾವೇ ಒಂದನ್ನು ಬರೆಯತೊಡಗಿದರು. ಅದೇ 86-ಡಾಸ್. ಮೈಕ್ರೋಸಾಫ್ಟ್ ಅದರ ಲೈಸೆನ್ಸಿಗೆ 25,000 ಡಾಲರ್, 1981ರ ಜುಲೈನಲ್ಲಿ ಪೂರ್ತಿ ಹಕ್ಕಿಗೆ ಇನ್ನೂ 50,000 ಡಾಲರ್ ಕೊಟ್ಟಿತು. 8086 ಆವೃತ್ತಿ 1979ರಲ್ಲೇ ತಯಾರಿದ್ದರೆ ಪ್ಯಾಟರ್ಸನ್‌ಗೆ ಬರೆಯುವ ಕಾರಣವಿರುತ್ತಿರಲಿಲ್ಲ, ಮೈಕ್ರೋಸಾಫ್ಟ್‌ಗೆ ಕೊಳ್ಳಲು ಏನೂ ಇರುತ್ತಿರಲಿಲ್ಲ.

86-ಡಾಸ್ ಸಿಪಿ/ಎಂನಿಂದ ಕದ್ದ ಮಾಲೇ ಎಂಬ ಜಗಳ ಇನ್ನೂ ಆರಿಲ್ಲ. ತಾಂತ್ರಿಕವಾಗಿ ಹೇಳುವುದಾದರೆ ಹೊರಮೈ ಒಂದೇ, ಒಳಗಿನ ಹೂರಣ ಬೇರೆ. ಎರಡರಲ್ಲೂ ಪ್ರೋಗ್ರಾಂ ಶುರುವಾಗುವುದು 256ನೇ ಬೈಟಿನಲ್ಲಿ; ಸಿಸ್ಟಂ ಕರೆಯುವ ಬಾಗಿಲು 5ನೇ ಬೈಟಿನಲ್ಲಿ; ಡಿಸ್ಕಿನ ತಾತ್ಕಾಲಿಕ ಜಾಗ 128ನೇ ಬೈಟಿನಿಂದ. ಎರಡರಲ್ಲೂ 9ನೇ ಸೇವೆ ಡಾಲರ್ ಗುರುತು ಸಿಗುವ ತನಕ ಅಕ್ಷರ ಮುದ್ರಿಸುತ್ತದೆ. ಇಂಥದ್ದು ಕಾಕತಾಳೀಯವಾಗಿ ಆಗುವುದಿಲ್ಲ, ಆಗಿದೆ ಎಂದು ಯಾರೂ ವಾದಿಸಿಯೂ ಇಲ್ಲ. ಸಿಪಿ/ಎಂ ಓಡುತ್ತಿದ್ದ ಹಳೆಯ 8080 ಚಿಪ್ಪಿನ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ 8086ಕ್ಕೆ ತಿರುಗಿಸಿದರೆ ಓಡಬೇಕು ಎಂಬುದೇ ಉದ್ದೇಶ. ಆದರೆ ಡಿಸ್ಕಿನ ಮೇಲೆ ಜಾಗದ ಲೆಕ್ಕ ಇಡುವ ಕ್ರಮ ಸಿಪಿ/ಎಂನದಲ್ಲ. ಅದು ಮೈಕ್ರೋಸಾಫ್ಟ್ ಬೇಸಿಕ್‌ನಿಂದ ಬಂದ ಫ್ಯಾಟ್ ಪದ್ಧತಿ. ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿಗೆ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಸ್ಪಷ್ಟ ತಿದ್ದುಪಡಿ ಸೇರಿದ್ದೇ 1980ರಲ್ಲಿ. ಸೇವೆಗಳ ಸಂಖ್ಯೆ ಮತ್ತು ಕ್ರಮ ಯಾರ ಸ್ವತ್ತು ಎಂಬ ಪ್ರಶ್ನೆಗೆ ಆಗ ಉತ್ತರವೇ ಇರಲಿಲ್ಲ. ಕಿಲ್ಡಾಲ್ ಆಕ್ಷೇಪಿಸಿದರು, ದಾವೆಯ ಬದಲು ಐಬಿಎಂ ಸಿಪಿ/ಎಂ-86 ಅನ್ನೂ ಮಾರುತ್ತದೆ ಎಂಬ ರಾಜಿಗೆ ಬಂದರು.

ಆ ರಾಜಿಯೇ ಉರುಳಾಯಿತು. ಐಬಿಎಂ ಪಿಸಿ 1981ರ ಆಗಸ್ಟ್ 12ರಂದು ಹೊರಬಂದಾಗ 86-ಡಾಸ್‌ನಿಂದಲೇ ಬಂದ ಪಿಸಿ ಡಾಸ್ ಜೊತೆಗಿತ್ತು. ಸಿಪಿ/ಎಂ-86 ಬಂದದ್ದು 1982ರಲ್ಲಿ. ಬೆಲೆ ಪಿಸಿ ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಕ್ಕೆ 240. ಆರು ಪಟ್ಟು ಹಣ ಕೊಟ್ಟು ಕಾಯುವ ಗಿರಾಕಿ ಎಲ್ಲಿ ಸಿಗುತ್ತಾನೆ? ಗಿರಾಕಿಯಿಲ್ಲದ ಕಡೆ ಸಾಫ್ಟ್‌ವೇರ್ ಬರೆಯುವವರು ಹೋಗುವುದಿಲ್ಲ, ಸಾಫ್ಟ್‌ವೇರ್ ಇಲ್ಲದ ಕಡೆ ಗಿರಾಕಿ ಬರುವುದಿಲ್ಲ. 1983ರಲ್ಲಿ ಬೆಲೆ 60ಕ್ಕೆ ಇಳಿಸಿದಾಗ ಪಂದ್ಯ ಮುಗಿದಿತ್ತು. ತಮಾಷೆಯೆಂದರೆ ಮೈಕ್ರೋಸಾಫ್ಟ್ ಗೆದ್ದದ್ದು ಕಿಲ್ಡಾಲ್ ತೋರಿದ ದಾರಿಯಲ್ಲೇ: ಹಕ್ಕು ತನ್ನಲ್ಲೇ ಇಟ್ಟುಕೊಂಡು, ಯಂತ್ರ ತಯಾರಕರೆಲ್ಲರಿಗೂ ಅದೇ ಸಿಸ್ಟಂ ಲೈಸೆನ್ಸ್ ಮಾಡುವುದು.

ನಂತರದ ವರ್ಷಗಳನ್ನು ಸೋಲಿನ ಬಾಲವೆಂದು ಬರೆಯುವ ರೂಢಿಯಿದೆ, ಅದೂ ಸರಿಯಲ್ಲ. ಡಿಜಿಟಲ್ ರಿಸರ್ಚ್‌ನ ಜೆಮ್ ಎಂಬ ಚಿತ್ರರೂಪದ ಪರದೆ 1985ರಲ್ಲಿ ಅಟಾರಿ ಎಸ್‌ಟಿ ಯಂತ್ರಗಳಲ್ಲಿ ಬಂತು. 1988ರ ಡಿಆರ್ ಡಾಸ್ ಮೈಕ್ರೋಸಾಫ್ಟ್‌ಗೆ ಅದರದೇ ಅಂಗಳದಲ್ಲಿ ಪೈಪೋಟಿ ಕೊಟ್ಟಿತು. ಬೇರೊಂದು ಕಂಪನಿ ಕಟ್ಟಿ ಕಿಲ್ಡಾಲ್ 1985ರಲ್ಲೇ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿಗೆ ತಂದರು. ಆಗಿನ ಸಿಡಿ ಡ್ರೈವ್ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವುದು ಬಹಳ ನಿಧಾನ. ಪದಪದಕ್ಕೂ ಮೊದಲೇ ಸೂಚಿ ಕಟ್ಟಿಟ್ಟರೆ ಮಾತ್ರ ಹುಡುಕಾಟ ಸಾಧ್ಯ. ಅಮೆರಿಕದ ಸಾರ್ವಜನಿಕ ಟಿವಿಯ ಕಂಪ್ಯೂಟರ್ ಕ್ರಾನಿಕಲ್ಸ್ ಕಾರ್ಯಕ್ರಮದಲ್ಲಿ ಸ್ಟೂವರ್ಟ್ ಶಿಫೇ ಜೊತೆ ಕೂತು ಪ್ರತಿಸ್ಪರ್ಧಿಗಳ ಸರಕನ್ನೂ ನಿಷ್ಪಕ್ಷಪಾತವಾಗಿ ವಿವರಿಸುತ್ತಿದ್ದ ಕಿಲ್ಡಾಲ್ ಅವರನ್ನು ನೋಡಿದವರಿಗೆ, ಅವರು ಮೇಷ್ಟ್ರಾಗಿಯೇ ಉಳಿದಿದ್ದರು ಎಂದು ತಿಳಿಯುತ್ತದೆ. ಡಿಜಿಟಲ್ ರಿಸರ್ಚನ್ನು 1991ರಲ್ಲಿ ನೋವೆಲ್ ಎಂಬ ಸಾಫ್ಟ್‌ವೇರ್ ಕಂಪನಿ ಕೊಂಡಿತು. 1994ರ ಜುಲೈನಲ್ಲಿ, 52ನೇ ವಯಸ್ಸಿನಲ್ಲಿ, ಮಾಂಟೆರೆಯಲ್ಲಿ ಅವರು ತೀರಿಕೊಂಡರು.

ಇದನ್ನೆಲ್ಲ ಯಾರ ಮಾತಿನ ಮೇಲೂ ನಂಬಬೇಕಿಲ್ಲ. ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2014ರಲ್ಲಿ ಸಿಪಿ/ಎಂನ ಆರಂಭಿಕ ಆವೃತ್ತಿಗಳ ಮೂಲ ಕೋಡನ್ನು ವಾಣಿಜ್ಯೇತರ ಬಳಕೆಗೆ ಬಿಡುಗಡೆ ಮಾಡಿದೆ. ಪ್ರೋಗ್ರಾಮಿಂಗ್ ಕಲಿಯುತ್ತಿರುವ ನಿಮ್ಮ ಓದುಗರು 8080 ಪ್ರೊಸೆಸರನ್ನು ಅನುಕರಿಸುವ ಪ್ರೋಗ್ರಾಂ ಬರೆದು, 64 ಕಿಲೋಬೈಟ್ ಮೆಮೊರಿ ಕೊಟ್ಟು, 2.2 ಆವೃತ್ತಿಗೆ ಬೇಕಾದ ಆ 17 ಉಪಕ್ರಮ ಒದಗಿಸಿದರೆ ಸಿಪಿ/ಎಂ ಎದ್ದು ನಿಲ್ಲುತ್ತದೆ. ಎರಡು ಎಚ್ಚರಿಕೆ. ಟ್ರ್ಯಾಕ್ ಎಣಿಕೆ 0ಯಿಂದ, ಈ ಫ್ಲಾಪಿಯಲ್ಲಿ ಸೆಕ್ಟರ್ ಎಣಿಕೆ 1ರಿಂದ. ಕಡತಗಳ ಪಟ್ಟಿ ತೋರಿಸುವ ಡಿರ್ ಆಜ್ಞೆ ಕೊಟ್ಟಾಗ ಕೆಲವು ಕಡತದ ಹೆಸರು ಸರಿಯಾಗಿ ಬಂದು, ನಡುನಡುವೆ ಕಸದಂಥ ಅಕ್ಷರ ಕಂಡರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳುವುದು ಬೇಡ: ಆರಾರು ಬಿಡುವ ಪಟ್ಟಿಯನ್ನು ಬಯೋಸ್ ಅನ್ವಯಿಸುತ್ತಿಲ್ಲ, 7ನೇ ಸೆಕ್ಟರ್ ಓದಬೇಕಾದಲ್ಲಿ 2ನೆಯದನ್ನು ಓದುತ್ತಿದೆ.

ಇತಿ,
ಹಳೆಯ ಕಂಪ್ಯೂಟರ್‌ಗಳ ಅಭ್ಯಾಸಿಗಳು